ಚುಕ್ಕೆ ಪ್ರಶ್ನೆಗೂ ಲಿಖಿತ ಉತ್ತರ ಯಾಕೆ?

ಪ್ರಶ್ನೆ: ಸಂಸದರು ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೂ ಎಷ್ಟೋ ಸಲ ಲಿಖಿತ ಉತ್ತರವಷ್ಟೇ ಬರುತ್ತದಲ್ಲ, ಯಾಕೆ?
– ಓದುಗರು, ಗದಗ

ಉತ್ತರ: ಚುಕ್ಕೆ ಪ್ರಶ್ನೆ ಎಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ. ದಿನಕ್ಕೆ 20 ಚುಕ್ಕೆ ಪ್ರಶ್ನೆ, ಸಿಗುವುದು 11ರಿಂದ 12ರವರೆಗೆ ಒಂದೇ ಗಂಟೆ. ಪ್ರಶ್ನೆಗಳ ಸರದಿ ಲಾಟರಿಯಿಂದ ನಿರ್ಧಾರವಾಗುತ್ತದೆ. ಹಿಂದಿನ ಬೆಂಚಿನವರಿಗೂ ಅದೇ ನ್ಯಾಯ. 15ನೇ ಸಂಖ್ಯೆ ಬಂದರೆ ಸಾಮಾನ್ಯವಾಗಿ ಸಮಯ ಮುಗಿದಿರುತ್ತದೆ, ಲಿಖಿತ ಉತ್ತರವಷ್ಟೇ ಸಿಗುತ್ತದೆ; ಉತ್ತರ ಕೇಳಿ ಸ್ಥಳದಲ್ಲೇ ಹಾಕುವ ಉಪಪ್ರಶ್ನೆ ಕೈತಪ್ಪುತ್ತದೆ. ನಿಜವಾದ ನಷ್ಟ ಅದೇ.

ಹಾಗಾಗಿ ಪ್ರಶ್ನೆಯೇ ಬಿಗಿಯಾಗಿರಬೇಕು. ‘ಗದಗ-ವಾಡಿ ರೈಲು ಮಾರ್ಗ ಯಾವಾಗ ಮುಗಿಯುತ್ತದೆ?’ ಎಂದರೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದುಬಿಡುತ್ತಾರೆ. ‘ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಭೂಮಿ ಬಾಕಿ? ಈ ವರ್ಷ ಕೊಟ್ಟ ಹಣವೆಷ್ಟು, ಖರ್ಚಾದದ್ದೆಷ್ಟು?’ ಎಂದು ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಸಂಸದರು ಪ್ರಶ್ನೆಯ ನೋಟಿಸನ್ನು ಕನಿಷ್ಠ 15 ದಿನ ಮೊದಲೇ ಕೊಡಬೇಕು, ಹಾಗಾಗಿ ನಿಮ್ಮ ಮನವಿಯನ್ನು ಅವರಿಗೆ ಅಧಿವೇಶನಕ್ಕೆ ಮೊದಲೇ ಮುಟ್ಟಿಸಿ. ಸಾರಿಗೆ ಬಸ್ಸಿನ ದೂರಾದರೆ ಶಾಸಕರಿಗೆ ಕೊಡಿ, ಅದು ರಾಜ್ಯದ ವಿಷಯ.