ಪಾತ್ರೆ ಇದ್ದ ಜಾಗದಲ್ಲಿ ಪಾಲಕ್

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಹೋದಾಗ ಅವಳ ಮನೆ ಹತ್ತಿರದ ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬೆಡ್‌ಶೀಟ್, ಬಾಣಲೆ, ಆಟದ ಸಾಮಾನು ಎಲ್ಲ ಸಿಗುತ್ತಿತ್ತು. ಈ ಸಲ ನೋಡಿದರೆ ಅದೆಲ್ಲ ಒಂದು ಮೂಲೆ ಸೇರಿದೆ. ಆ ಜಾಗದಲ್ಲಿ ಸಾಲು ಸಾಲು ಫ್ರಿಡ್ಜು, ಹಣ್ಣು, ಪಾಲಕ್, ಬ್ರೆಡ್ಡು. ಬಾಣಲೆಯಲ್ಲಿ ಸಿಗುವ ಲಾಭ ಸೊಪ್ಪಿನಲ್ಲಿ ಸಿಗುತ್ತದಾ? ಅಂಗಡಿ ಮುಚ್ಚುವ ಲಕ್ಷಣವಾ ಇದು?
– ಓದುಗರೊಬ್ಬರು, ಮೈಸೂರು

ಉತ್ತರ: ಮುಚ್ಚುವ ಲಕ್ಷಣ ಅಲ್ಲಮ್ಮ, ಮುಚ್ಚಬಾರದು ಅಂತಲೇ ಮಾಡುತ್ತಿರುವ ಕೆಲಸ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ಬಾಣಲೆಯ ಲಾಭ ಸೊಪ್ಪಿನಲ್ಲಿ ಇಲ್ಲ. ಆದರೆ ಬಾಣಲೆ ಎಷ್ಟು ವರ್ಷಕ್ಕೊಮ್ಮೆ ಕೊಳ್ಳುತ್ತೀರಿ ಹೇಳಿ? ಹಾಲು, ಬ್ರೆಡ್ಡಿಗೆ ವಾರಕ್ಕೆ ಎರಡು ಸಲವಾದರೂ ಹೋಗಲೇಬೇಕು. ಅದೂ ಅಲ್ಲದೆ ಬಾಣಲೆಯನ್ನು ಈಗ ಮಗಳು ಸೋಫಾ ಮೇಲೆ ಕೂತು ಫೋನಿನಲ್ಲೇ ತರಿಸುತ್ತಾಳೆ, ಟೊಮೆಟೊ ಮಾತ್ರ ಇನ್ನೂ ಕೈಯಲ್ಲಿ ಒತ್ತಿ ನೋಡಿಯೇ ತಗೋಬೇಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ನಿಮ್ಮ ಹಾಗೆ, ನನ್ನ ಹಾಗೆ.

ಅಲ್ಲಿನ ಸೇನ್ಸ್‌ಬರೀಸ್ ಅನ್ನುವ ಸೂಪರ್ ಮಾರ್ಕೆಟ್ ಕಂಪನಿಯ ಕಥೆ ನೋಡಿ. 2016ರಲ್ಲಿ ಆರ್ಗೋಸ್ ಅನ್ನುವ ಮನೆ ಸಾಮಾನಿನ ಕಂಪನಿಯನ್ನೇ ಕೊಂಡಿತು. ಅದೇ ಸೇನ್ಸ್‌ಬರೀಸ್ 2024ರ ಫೆಬ್ರವರಿಯಲ್ಲಿ, ಬಟ್ಟೆ ಮತ್ತು ಮನೆ ಸಾಮಾನಿನ ಜಾಗ ಕಡಿಮೆ ಮಾಡಿ ತಿನ್ನುವ ಸಾಮಾನಿಗೆ ಕೊಡುತ್ತೇವೆ ಅಂತ ಹೇಳಿತು. 2025ರ ಜನವರಿಯಲ್ಲಿ, ಅಂಗಡಿಯೊಳಗೆ ಉಳಿದಿದ್ದ 61 ಕೆಫೆಗಳನ್ನೂ ಮುಚ್ಚುವುದಾಗಿ ತಿಳಿಸಿತು. ಕಾರಣ ಬೇರೇನಿಲ್ಲ, ಆಲ್ಡಿ, ಲಿಡ್ಲ್ ಅನ್ನುವ ಜರ್ಮನಿಯ ಅಗ್ಗದ ಅಂಗಡಿಗಳು ಬೆನ್ನು ಹತ್ತಿವೆ. ಬೆಲೆಯಲ್ಲೇ ಅವರನ್ನು ಹಿಮ್ಮೆಟ್ಟಿಸೋದು ಕಷ್ಟ. ಆದ್ದರಿಂದ ವಾರದ ಪಟ್ಟಿ ಪೂರ್ತಿ ಒಂದೇ ಕಡೆ ಸಿಗುವ ಹಾಗೆ ಮಾಡಬೇಕು. ಪಟ್ಟಿಯಲ್ಲಿ ಎರಡು ಸಾಮಾನು ಸಿಗದಿದ್ದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಮುಂದಿನ ವಾರ ಸೀದಾ ಅಲ್ಲಿಗೇ ಹೋಗುತ್ತಾರೆ.

ಅಮೆರಿಕದ ಟಾರ್ಗೆಟ್ ಇದನ್ನು ಮೊದಲೇ ಮಾಡಿತ್ತು. ಬಟ್ಟೆ, ಮನೆ ಸಾಮಾನಿಗೆ ಹೆಸರಾದ ಕಂಪನಿ ಅದು, ಬೆಂಗಳೂರಿನಲ್ಲೂ ದೊಡ್ಡ ಆಫೀಸಿದೆ. 2009ರ ಸುಮಾರಿಗೆ ‘ಪಿ-ಫ್ರೆಶ್’ ಅಂತ ಶುರು ಮಾಡಿ, 2010 ಒಂದೇ ವರ್ಷದಲ್ಲಿ 300ಕ್ಕೂ ಹೆಚ್ಚು ಅಂಗಡಿಗಳಲ್ಲಿ ಹಣ್ಣು, ತರಕಾರಿ, ಮಾಂಸ, ಬ್ರೆಡ್ಡಿಗೆ ಜಾಗ ಮಾಡಿತು. ಹಾಲಿಗೆ ಬಂದವರು ಒಂದು ಟಿ-ಶರ್ಟನ್ನೂ ಬುಟ್ಟಿಗೆ ಹಾಕಿಕೊಂಡು ಹೋಗಲಿ ಅನ್ನೋದೇ ಅದರ ಆಸೆ.

ಹಾಗಂತ ಬರೀ ರ‍್ಯಾಕ್ ಆಚೀಚೆ ಎಳೆದರೆ ಮುಗಿಯೋದಿಲ್ಲ. ಫ್ರಿಡ್ಜಿನಿಂದ ಇಳಿಯುವ ನೀರು ಹೋಗೋಕೆ ಕಾಂಕ್ರೀಟ್ ನೆಲ ಕೊರೆದು ಪೈಪ್ ಹಾಕಬೇಕು, ಕರೆಂಟ್ ಲೈನ್ ಹೊಸದಾಗಿ ಎಳೆಯಬೇಕು, ಹಿಂದುಗಡೆ ಕೋಲ್ಡ್ ರೂಮ್ ಬೇಕು. ವ್ಯಾಪಾರ ನಿಲ್ಲಬಾರದು ಅಂತ ಇದನ್ನೆಲ್ಲ ಹೆಚ್ಚಾಗಿ ರಾತ್ರಿ ಹೊತ್ತು, ಒಂದೊಂದೇ ಮೂಲೆ ಹಿಡಿದು ಮಾಡುತ್ತಾರೆ. ಅಂದಹಾಗೆ, ಹೀಗೆ ಜಾಗ ಖಾಲಿ ಮಾಡುವಾಗ ಬೆಡ್‌ಶೀಟು, ಪಾತ್ರೆಗೆ ಒಳ್ಳೆ ರಿಯಾಯಿತಿ ಬೀಳುತ್ತದೆ. ಮಗಳಿಗೆ ಹೇಳಿಡಿ.

ಪ್ರಶ್ನೆ: ಕೆಳಗೆ ದಿನಸಿ, ಮೇಲೆ ಪ್ಲಾಸ್ಟಿಕ್ ಮತ್ತು ಸ್ಟೀಲ್ ಸಾಮಾನು ಇಟ್ಟುಕೊಂಡು ಚಿಕ್ಕ ಸೂಪರ್ ಮಾರ್ಕೆಟ್ ನಡೆಸುತ್ತಿದ್ದೇನೆ. ಮೇಲೆ ಜನ ಹತ್ತೋದೇ ಕಡಿಮೆ. ಅದನ್ನು ತೆಗೆದು ತರಕಾರಿ ಇಡಿ, ಗಾಜಿನ ಬಾಗಿಲಿನ ಫ್ರಿಡ್ಜ್ ಹಾಕಿಸಿ ಅಂತ ಫ್ರಿಡ್ಜ್ ಕಂಪನಿಯವರು ದಿನಾ ಬರುತ್ತಾರೆ. ಹಾಕಿಸಲಾ?
– ಅಂಗಡಿಯವರು, ತಿಪಟೂರು

ಉತ್ತರ: ಫ್ರಿಡ್ಜ್ ಮಾರುವವರು ಫ್ರಿಡ್ಜ್ ಬೇಡ ಅಂತಾರಾ ಸಾರ್? ಸ್ವಲ್ಪ ತಡೀರಿ.

ಡಿಮಾರ್ಟ್ ನೋಡಿ. ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುವ ಸಾಮಾನೇ. ಆದರೂ ಬಟ್ಟೆ, ಪಾತ್ರೆ, ಬಕೆಟ್ಟನ್ನು ಅವರು ಬಿಟ್ಟಿಲ್ಲ, ಯಾಕಂದ್ರೆ ಬೇಳೆ ಅಕ್ಕಿಗಿಂತ ಅದರಲ್ಲೇ ಲಾಭದ ಪಾಲು ಜಾಸ್ತಿ. ಬೇಳೆ ಜನರನ್ನು ಕರೆಸುತ್ತದೆ, ಬಕೆಟ್ ದುಡ್ಡು ಕೊಡುತ್ತದೆ. ಬಕೆಟ್ಟೇ ತೆಗೆದುಬಿಟ್ಟರೆ ಕರೆಂಟ್ ಬಿಲ್ ಯಾವುದರಲ್ಲಿ ಕಟ್ಟುತ್ತೀರಿ?

ಇನ್ನೊಂದು, ಮೆಟ್ಟಿಲು ಹತ್ತದ ಜನ ಸೊಪ್ಪಿಗೂ ಹತ್ತೋದಿಲ್ಲ. ತರಕಾರಿ ಇಡೋದಾದರೆ ಕೆಳಗೆ, ಬಾಗಿಲ ಹತ್ತಿರ ಇಡಿ. ಮೇಲಿನ ಸಾಮಾನಿನಲ್ಲಿ ಬೇಗ ಹೋಗುವ ಲೋಟ, ಡಬ್ಬಿ, ಟೀ ಸೋಸುವ ಜಾಲರಿ ಇಂಥದ್ದನ್ನು ಬಿಲ್ ಕೌಂಟರ್ ಎದುರಿಗೆ ತನ್ನಿ. ವರ್ಷದಿಂದ ಧೂಳು ಕುಡಿಯುತ್ತಿರುವ ಡಿನ್ನರ್ ಸೆಟ್ಟನ್ನು ಕೊಂಡ ರೇಟಿಗೇ ಕೊಟ್ಟುಬಿಡಿ. ಮೊದಲು ಫ್ರಿಡ್ಜ್ ಬೇಡದ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಶುಂಠಿ ಇಡಿ. (ತಿಪಟೂರಿನವರಿಗೆ ತೆಂಗಿನಕಾಯಿ ಮಾರಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ.) ಕೊತ್ತಂಬರಿ ಬೆಳಿಗ್ಗೆ 10 ಕಟ್ಟು ಮಾತ್ರ ತಂದು ನೋಡಿ. ಸಂಜೆ ಎಷ್ಟು ಬಾಡಿ ಉಳಿಯಿತು ಅಂತ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಿ, ಸುಮ್ನೆ ಅಂದಾಜಿನಲ್ಲಿ ಬೇಡ. ಆಮೇಲೆ ಆ ಪುಸ್ತಕ ಎದುರಿಗಿಟ್ಟುಕೊಂಡು ಫ್ರಿಡ್ಜಿನವರ ಹತ್ತಿರ ಮಾತಾಡಿ.

ಪ್ರಶ್ನೆ: ನಾವು ಹೋಗುವ ಅಂಗಡಿಯಲ್ಲಿ ಸಾಮಾನಿನ ಜಾಗ ಎಲ್ಲ ಬದಲಾಯಿಸಿದ್ದಾರೆ. ಅವಲಕ್ಕಿ ಹುಡುಕೋಕೆ ಕಾಲು ಗಂಟೆ ಬೇಕಾಯ್ತು. ಬೇಕಂತಲೇ ಹೀಗೆ ಮಾಡ್ತಾರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಸ್ವಲ್ಪ ಬೇಕಂತಲೇ. ಆ ಕಾಲು ಗಂಟೆಯಲ್ಲಿ ಅವಲಕ್ಕಿ ಅಲ್ಲದೆ ಇನ್ನೇನೇನು ಬುಟ್ಟಿಗೆ ಬಿತ್ತು ಅಂತ ನೀವು ಬರೆದಿಲ್ಲವಲ್ಲ?