ಅಜ್ಜಿಯನ್ನು ನೋಡಿಕೊಂಡದ್ದೂ ಅನುಭವವೇ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರೈಕೆಯ ಕೆಲಸದ ಬಗ್ಗೆ ಕೇಳಿದವರೇ ಹೆಚ್ಚು. ಹಾಸಿಗೆ ಹಿಡಿದವರು, ವಿಕಲಚೇತನ ಮಕ್ಕಳು, ಮಕ್ಕಳೆಲ್ಲ ಬೆಂಗಳೂರು ಸೇರಿ ಊರಲ್ಲಿ ಒಂಟಿಯಾಗಿ ಉಳಿದ ಹಿರಿಯರು, ಇವರನ್ನು ನೋಡಿಕೊಳ್ಳುವ ಕೆಲಸ. ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಇಂಥ ಮನೆಗಳಿಗೆ ತಿರುಗಿಯೇ ನಾನು ನಿವೃತ್ತಳಾದವಳು. ಆದ್ದರಿಂದ ಬೇರೆ ವಿಷಯದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ ಇಪ್ಪತ್ನಾಲ್ಕು ವರ್ಷ, ಬಿ.ಎ. ಆಗಿದೆ. ಲಕ್ವ ಹೊಡೆದ ಅಜ್ಜಿಯನ್ನು ಮೂರು ವರ್ಷ ನಾನೇ ನೋಡಿಕೊಂಡೆ. ಹೋದ ವರ್ಷ ತೀರಿಕೊಂಡರು. ಈಗ ಮನೆಯಲ್ಲಿ ‘ನಿನ್ನ ಮೂರು ವರ್ಷ ಸುಮ್ಮನೆ ಹೋಯ್ತು’ ಅಂತಾರೆ. ನನಗೆ ಇಂಥದೇ ಕೆಲಸ ಮಾಡುವ ಆಸೆ. ಬೆಂಗಳೂರಿನ ಹೋಮ್ ನರ್ಸ್ ಏಜೆನ್ಸಿಗೆ ಸೇರಲೋ, ಎಂ.ಎಸ್‌.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಲೋ?
– ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ತಂಗಿ, ಆ ಮೂರು ವರ್ಷ ಎಲ್ಲೂ ಹೋಗಿಲ್ಲ. ಎರಡು ತಾಸಿಗೊಮ್ಮೆ ಅಜ್ಜಿಯ ಮಗ್ಗಲು ಬದಲಿಸಿದ್ದೀಯ ತಾನೆ? ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿದ್ದೀಯ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆದಿಂಬು ಎತ್ತರಿಸಬೇಕು, ಹಾಕಿದ ಮೇಲೂ ಸ್ವಲ್ಪ ಹೊತ್ತು ಮಲಗಿಸಬಾರದು ಎಂಬುದು ನಿನಗೆ ಗೊತ್ತಿದ್ದೀತು. ಮೂತ್ರದ ಚೀಲ ಯಾವಾಗ ಖಾಲಿ ಮಾಡಬೇಕು, ಅದನ್ನು ಸೊಂಟಕ್ಕಿಂತ ಕೆಳಗೇ ಏಕೆ ಕಟ್ಟಬೇಕು ಎಂಬುದೂ ಗೊತ್ತಿದ್ದೀತು. ಇದನ್ನೆಲ್ಲ ಆಸ್ಪತ್ರೆಯಲ್ಲಿ ಹೊಸಬರಿಗೆ ಕೂಡಿಸಿಕೊಂಡು ಕಲಿಸುತ್ತಾರೆ. ನಿನ್ನ ಕೈಗೆ ಇದು ಬಂದಿದೆ. ಬಂದಿದೆ ಎಂದು ತೋರಿಸುವ ಒಂದು ಹಾಳೆ ಮಾತ್ರ ನಿನ್ನ ಹತ್ತಿರ ಇಲ್ಲ. ಮೊದಲು ಆಗಬೇಕಾದದ್ದು ಅದು.

ಅದಕ್ಕೆ ದಾರಿ ಇದೆ. ಕೌಶಲ್ಯ ತರಬೇತಿ ಯೋಜನೆಗಳಲ್ಲಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’, ‘ಹೋಮ್ ಹೆಲ್ತ್ ಏಡ್’ ಎಂಬ ಕೋರ್ಸುಗಳಿವೆ. ಕೆಲವೇ ತಿಂಗಳಲ್ಲಿ ಮುಗಿಯುತ್ತವೆ. ಆಗಲೇ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆಯೂ ಇದೆ. ದಾವಣಗೆರೆಗೆ ಬಂದಾಗ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಹೋಗಿ ಈ ಹೆಸರುಗಳನ್ನು ಹೇಳಿಯೇ ಕೇಳು. ಬರೀ ‘ಏನಾದರೂ ಕೆಲಸ ಇದೆಯಾ’ ಎಂದು ಕೇಳಿದರೆ ಹೊಲಿಗೆ, ಬ್ಯೂಟಿಷಿಯನ್ ತರಬೇತಿಯ ಅರ್ಜಿ ಕೈಗಿಡುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಅವಕ್ಕೆ ದುಡ್ಡು ಕೊಡಲೇಬೇಕು. ವೇಳೆ ನೋಡಿಕೊಂಡು ಹೊರಡು.

ಎಂ.ಎಸ್‌.ಡಬ್ಲ್ಯು. ವಿಷಯ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಸಮಾಜಕಾರ್ಯ ವಿಭಾಗ ಇದೆ, ಎರಡು ವರ್ಷದ ಓದು. ಪಾಠದ ಜೊತೆ ಕ್ಷೇತ್ರಕಾರ್ಯ ಕಡ್ಡಾಯ. ನನ್ನ ಕೇಳಿದರೆ ಈ ಪದವಿಯ ಜೀವ ಇರುವುದೇ ಕ್ಷೇತ್ರಕಾರ್ಯದಲ್ಲಿ. ಆಸ್ಪತ್ರೆಯನ್ನೋ ಮಕ್ಕಳ ರಕ್ಷಣಾ ಘಟಕವನ್ನೋ ಆರಿಸಿಕೊಂಡು ಅಲ್ಲಿಯವರ ಜೊತೆ ನಿಜವಾಗಿ ಓಡಾಡಿದವರಿಗೆ ಮುಂದೆ ಕೆಲಸದ ಸುದ್ದಿ ಮೊದಲು ತಲುಪುತ್ತದೆ. ವರದಿ ನಕಲು ಮಾಡಿ ಸಹಿ ಹಾಕಿಸಿಕೊಂಡವರು ಪದವಿ ಹಿಡಿದು ಅಲೆಯುವುದನ್ನು ಬಹಳ ಕಂಡಿದ್ದೇನೆ.

ಈ ಪದವಿಗೆ ಸಿಗುವ ಕೆಲಸಗಳು ಯಾವುವು? ಮಿಷನ್ ವಾತ್ಸಲ್ಯದಡಿ ಪ್ರತಿ ಜಿಲ್ಲೆಯಲ್ಲೂ ಇರುವ ಮಕ್ಕಳ ರಕ್ಷಣಾ ಘಟಕದಲ್ಲಿ ರಕ್ಷಣಾಧಿಕಾರಿ, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರದಲ್ಲಿ ಸಮಾಲೋಚಕಿ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಮಾನಸಿಕ ಆರೋಗ್ಯದ ಕಡೆ ಒಲವಿದ್ದರೆ ಎಂ.ಎಸ್‌.ಡಬ್ಲ್ಯು. ಆದಮೇಲೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ತರಬೇತಿ ಪಡೆಯಬಹುದು. ಆದರೆ ಇದನ್ನೂ ತಿಳಿದಿರು: ಜಿಲ್ಲಾ ಮಟ್ಟದ ಈ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆ ಅಥವಾ ಹೊರಗುತ್ತಿಗೆ. ಕಾಯಂ ಹುದ್ದೆಯೇ ಬೇಕೆಂದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪರೀಕ್ಷೆಗಳಿಗೆ ಈಗಿನಿಂದಲೇ ಓದುತ್ತಿರಬೇಕು.

ಹಾಗಾಗಿ ನನ್ನ ಸಲಹೆ: ಬೆಂಗಳೂರು ಸದ್ಯಕ್ಕೆ ಬೇಡ. ಮೊದಲು ಪ್ರಮಾಣಪತ್ರ ಮಾಡಿಸಿಕೊ. ಆಮೇಲೆ ದಾವಣಗೆರೆಯ ಯಾವುದಾದರೂ ಆಸ್ಪತ್ರೆಯಲ್ಲಿ ಒಂದಷ್ಟು ಕಾಲ ದುಡಿ. ಜಗಳೂರಿನಂಥ ಮಳೆ ಕಾಣದ ಸೀಮೆಯವರಿಗೂ ಮಲೆನಾಡಿನಿಂದ ಬಂದವರಿಗೂ ದೊಡ್ಡ ಆಸ್ಪತ್ರೆ ಎಂದರೆ ಈ ಊರೇ, ಇಲ್ಲಿ ನೀನು ನೋಡದ ಕಾಯಿಲೆ ಉಳಿಯುವುದಿಲ್ಲ. ಬಿಡುವಾಗ ಲೆಟರ್‌ಹೆಡ್ಡಿನ ಮೇಲೆ ಅನುಭವ ಪತ್ರ ಬರೆಸಿಕೊ. ಅದರಲ್ಲಿ ‘ಕೆಲಸ ಮಾಡಿರುತ್ತಾರೆ’ ಎಂದಷ್ಟೇ ಇದ್ದರೆ ಸಾಲದು. ಯಾವ ವಾರ್ಡು, ಎಷ್ಟು ಕಾಲ, ಯಾವ ಯಾವ ಆರೈಕೆ ಎಂದು ಬರೆದಿರಬೇಕು. ಆಗಲೂ ಓದುವ ಮನಸ್ಸು ಗಟ್ಟಿಯಾಗಿದ್ದರೆ ಎಂ.ಎಸ್‌.ಡಬ್ಲ್ಯು.ಗೆ ಸೇರು. ಕೆಲಸ ಬಿಡಲಾಗದಿದ್ದರೆ ಇಗ್ನೋದಲ್ಲಿ ದೂರಶಿಕ್ಷಣದ ಮೂಲಕವೂ ಓದಬಹುದು. ರೋಗಿಯ ಮೈ ಒರೆಸಿ ಗೊತ್ತಿರುವ ಸಮಾಜ ಕಾರ್ಯಕರ್ತೆಯ ಮಾತಿಗೆ ಮನೆಯವರು ಕೊಡುವ ಬೆಲೆಯೇ ಬೇರೆ.

ಪ್ರಶ್ನೆ: ಗಂಡಸರಿಗೆ ಈ ಕೆಲಸ ಸಿಗುತ್ತದೆಯೇ? ಗೆಳೆಯರು ನಗುತ್ತಾರೆ.
– ಓದುಗ, ಚಳ್ಳಕೆರೆ

ಉತ್ತರ: ಸಿಗುತ್ತದೆ ತಮ್ಮಾ. ಭಾರದ ರೋಗಿಯನ್ನು ಎತ್ತಿ ಕೂಡಿಸಲು ಗಂಡಾಳು ಬೇಕೆಂದು ಹುಡುಕುವ ಮನೆಗಳಿವೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಗಂಡಸರು ಹೆಣ್ಣುಮಕ್ಕಳಿಂದ ಸ್ನಾನ ಮಾಡಿಸಿಕೊಳ್ಳಲು ಸಂಕೋಚಪಟ್ಟು, ಎಷ್ಟೋ ದಿನ ಹಾಗೆಯೇ ಮಲಗಿದ್ದುದನ್ನು ನಾನೇ ನೋಡಿದ್ದೇನೆ. ಮದ್ಯವ್ಯಸನ ಬಿಡಿಸುವ ಕೇಂದ್ರಗಳಲ್ಲಿ, ಬಾಲಕರ ಬಾಲಮಂದಿರಗಳಲ್ಲಿ ಗಂಡಸರೇ ಬೇಕು. ನಗುವವರ ಮನೆಗೂ ಒಂದು ದಿನ ನಿನ್ನಂಥವನು ಬೇಕಾಗುತ್ತಾನೆ.

ಪ್ರಶ್ನೆ: ನನ್ನ ಮಗನಿಗೆ ಬುದ್ಧಿಮಾಂದ್ಯತೆ ಇದೆ, ಈಗ ಹದಿನಾರು. ಅವನಿಗಾಗಿ ಕಲಿತದ್ದನ್ನೆಲ್ಲ ಬೇರೆ ಮಕ್ಕಳಿಗೂ ಕಲಿಸಬೇಕೆನಿಸಿದೆ. ನಾನು ಪಿಯುಸಿ. ವಿಶೇಷ ಶಾಲೆಯಲ್ಲಿ ಶಿಕ್ಷಕಿಯಾಗಬಹುದೇ? ವಯಸ್ಸು ನಲವತ್ತರ ಹತ್ತಿರ.
– ತಾಯಿ, ಹರಿಹರ

ಉತ್ತರ: ಆಗಬಹುದು ತಾಯಿ. ಆದರೆ ಈ ಕ್ಷೇತ್ರಕ್ಕೆ ಕಾನೂನಿನ ಬಾಗಿಲೊಂದಿದೆ. ವಿಶೇಷ ಶಿಕ್ಷಕರು, ಪುನರ್ವಸತಿ ವೃತ್ತಿಯವರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. ಆ ನೋಂದಣಿಗೆ ಸಿಆರ್‌ಆರ್ ಸಂಖ್ಯೆ ಎನ್ನುತ್ತಾರೆ. ಆರ್‌ಸಿಐ ಒಪ್ಪದ ಕೋರ್ಸು ಮಾಡಿದರೆ ಈ ಸಂಖ್ಯೆ ಸಿಗುವುದಿಲ್ಲ. ಹೀಗಾಗಿ ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ, ಆ ವರ್ಷಕ್ಕೆ, ಅದೇ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೋಡಿ. ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣಕ್ಕೆ ಬೇಕಾದದ್ದು ವಿಶೇಷ ಶಿಕ್ಷಣದ ಡಿ.ಎಡ್‌., ಎರಡು ವರ್ಷ. ಪಿಯುಸಿಯಲ್ಲಿ ಶೇ 50 ಅಂಕ ಬೇಕು, ಮೀಸಲಾತಿಯವರಿಗೆ ರಿಯಾಯಿತಿ ಇದೆ.

ನಿಮಗೆ ಅನುಕೂಲದ ಸಂಗತಿ ಎಂದರೆ, ಕೇಂದ್ರ ಸರ್ಕಾರದ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ, ಎಲ್ಲರೂ ಸಿಆರ್‌ಸಿ ಎನ್ನುವುದು, ದಾವಣಗೆರೆಯಲ್ಲೇ ಇದೆ. ಬುದ್ಧಿಮಾಂದ್ಯರಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಆಡಳಿತದಲ್ಲಿ ನಡೆಯುತ್ತದೆ. ಹರಿಹರದಿಂದ ಎಷ್ಟು ದೂರ? ಮಗನನ್ನು ಕರೆದುಕೊಂಡೇ ಹೋಗಿ. ಅವನ ತಪಾಸಣೆಯೂ ಆಗುತ್ತದೆ, ಈ ವರ್ಷ ಯಾವ ಕೋರ್ಸಿಗೆ ಪ್ರವೇಶ ಎಂಬುದೂ ತಿಳಿಯುತ್ತದೆ. ಎರಡು ವರ್ಷ ಕಷ್ಟ ಎನಿಸಿದರೆ ಆರ್‌ಸಿಐಯದೇ ಆರು ತಿಂಗಳ ‘ಸಿಬಿಐಡಿ’ ಎಂಬ ಕೋರ್ಸು 2021ರಲ್ಲಿ ಶುರುವಾಗಿದೆ. ವಿಕಲಚೇತನರ ಮನೆಗಳ ಜೊತೆ ಊರಲ್ಲೇ ಕೆಲಸ ಮಾಡುವವರಿಗಾಗಿ ಮಾಡಿದ್ದು. ಅದರ ಬಗ್ಗೆಯೂ ವಿಚಾರಿಸಿ.

ನೀವು ಕೇಳದ ಇನ್ನೊಂದು ಮಾತು ಹೇಳುತ್ತೇನೆ, ಮಗನಿಗೆ ಹದಿನಾರು ಎಂದಿರಲ್ಲ ಅದಕ್ಕೆ. ಹದಿನೆಂಟು ತುಂಬಿದ ಮೇಲೆ ಬ್ಯಾಂಕು, ಆಸ್ತಿ ವ್ಯವಹಾರದಲ್ಲಿ ಅವನ ಪರವಾಗಿ ಸಹಿ ಹಾಕಲು ತಾಯಿಯಾಗಿದ್ದರಷ್ಟೇ ಸಾಲದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕತ್ವ ಕೊಡುತ್ತದೆ. ಅದಕ್ಕೆ ಬೇಕಾದ ಕಾಗದಪತ್ರ ಈಗಲೇ ಹೊಂದಿಸಿಕೊಳ್ಳಿ. ಅದೇ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಯನ್ನೂ ಮಾಡಿಸಿ, ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ನಾಳೆ ನೀವು ಶಿಕ್ಷಕಿಯಾದಾಗ ಬೇರೆ ತಾಯಂದಿರು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಗಳೂ ಇವೇ.

ಪ್ರಶ್ನೆ: ನನಗೆ ಪೋಲಿಯೊ, ಒಂದು ಕಾಲಿಗೆ ಕ್ಯಾಲಿಪರ್ ಹಾಕುತ್ತೇನೆ. ಎಸ್‌ಎಸ್‌ಎಲ್‌ಸಿ ಆಗಿದೆ. ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಕೆಲಸ ಇದೆಯಂತೆ, ಏನದು?
– ಓದುಗ, ಹೊಸದುರ್ಗ ತಾಲ್ಲೂಕು

ಉತ್ತರ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅವರು, ಗ್ರಾಮ ಪಂಚಾಯ್ತಿಗೊಬ್ಬರು. ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂಆರ್‌ಡಬ್ಲ್ಯು. ವಿಕಲಚೇತನರನ್ನೇ ಈ ಕೆಲಸಕ್ಕೆ ಆರಿಸುತ್ತಾರೆ. ಇದು ಗೌರವಧನದ ಕೆಲಸ, ಕಾಯಂ ನೌಕರಿ ಅಲ್ಲ. ಆದರೂ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಸಾಧನ ಸಲಕರಣೆ ಎಲ್ಲಕ್ಕೂ ಮನೆಬಾಗಿಲಿಗೆ ಹೋಗುವವರು ಇವರೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಅಂಗವೈಕಲ್ಯದ ವಿಧಗಳು 7ರಿಂದ 21ಕ್ಕೆ ಏರಿದವು. ತಲಸ್ಸೇಮಿಯಾ, ಪಾರ್ಕಿನ್ಸನ್, ಆ್ಯಸಿಡ್ ದಾಳಿಗೆ ತುತ್ತಾದವರು ಕೂಡ ಅದರಲ್ಲಿ ಬರುತ್ತಾರೆ ಎಂಬುದು ಹಳ್ಳಿಯಲ್ಲಿ ಎಷ್ಟೋ ಜನಕ್ಕೆ ತಿಳಿದಿಲ್ಲ. ತಿಳಿಸುವವರು ಬೇಕು. ಪಂಚಾಯ್ತಿ ತನ್ನ ಅನುದಾನದಲ್ಲಿ ಶೇ 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಆ ಹಣ ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಧೈರ್ಯ ಇದ್ದರೆ ಈ ಕೆಲಸಕ್ಕೆ ನೀನೇ ಸರಿ. ನಿಮ್ಮ ಪಂಚಾಯ್ತಿಯಲ್ಲಿ ಹುದ್ದೆ ಖಾಲಿ ಇದೆಯೇ ಎಂದು ಪಿಡಿಒ ಅವರನ್ನೂ ತಾಲ್ಲೂಕು ಪಂಚಾಯ್ತಿಯ ಎಂಆರ್‌ಡಬ್ಲ್ಯು ಅವರನ್ನೂ ಕೇಳು.

ಪ್ರಶ್ನೆ: ದಾವಣಗೆರೆಯ ಒಂದು ಮನೆಯಲ್ಲಿ ಹೋಮ್ ನರ್ಸ್ ಆಗಿದ್ದೇನೆ. ಹಗಲೂ ರಾತ್ರಿ ಅಲ್ಲೇ ಇರಬೇಕು. ಈಗ ಮನೆಮಂದಿಯ ಅಡುಗೆ, ಬಟ್ಟೆ, ಪಾತ್ರೆಯೂ ನನ್ನ ಮೇಲೆ. ಏಜೆನ್ಸಿಯವರು ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆಂದೇ ಹೇಳುವುದಿಲ್ಲ. ಕೇಳಿದರೆ ‘ಪುಣ್ಯದ ಕೆಲಸ, ಲೆಕ್ಕ ಹಾಕಬೇಡ’ ಅಂತಾರೆ.
– ಹೆಸರು ಬೇಡ

ಉತ್ತರ: ಲೆಕ್ಕ ಹಾಕು ತಾಯಿ, ಖಂಡಿತ ಹಾಕು. ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು. ರಾತ್ರಿ ಮೂರು ಸಲ ಎದ್ದು ರೋಗಿಯನ್ನು ಹೊರಳಿಸುವವಳು ಬೆಳಿಗ್ಗೆ ಹತ್ತು ಜನಕ್ಕೆ ರೊಟ್ಟಿ ತಟ್ಟಿದರೆ, ಇನ್ಸುಲಿನ್ ಅಳತೆ ತಪ್ಪುವುದು ಆಗಲೇ. ಮನೆಯವರಿಗೆ ಇದನ್ನು ಹೀಗೆಯೇ ಹೇಳು: ನಿದ್ದೆಗೆಟ್ಟ ನರ್ಸ್ ನಿಮ್ಮ ಮನೆಯ ರೋಗಿಗೇ ಅಪಾಯ ಎಂದು.

ಒಂದು ನೋಟ್‌ಬುಕ್ ಇಟ್ಟುಕೊ. ಎದ್ದ ಹೊತ್ತು, ಕೊಟ್ಟ ಔಷಧಿ, ಬಿ.ಪಿ., ಮಗ್ಗಲು ಬದಲಿಸಿದ ಹೊತ್ತು, ಆರೈಕೆ ಬಿಟ್ಟು ಬೇರೆ ಏನೇನು ಮಾಡಿಸಿದರು, ಎಲ್ಲ ಬರೆ. ರೋಗಿಗೂ ಒಳ್ಳೆಯದು, ನಿನಗೂ ದಾಖಲೆ. ಏಜೆನ್ಸಿಯವರಿಂದ ಮೂರು ವಿಷಯ ಕಾಗದದ ಮೇಲೆ ಬೇಕು: ಮನೆಯವರು ಕೊಡುವ ಮೊತ್ತ, ಅದರಲ್ಲಿ ಅವರು ಹಿಡಿಯುವ ಪಾಲು, ವಾರದ ರಜೆ. ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎಂದು ಹಿಡಿಯುತ್ತಿದ್ದರೆ ಆ ಖಾತೆಗಳ ಸಂಖ್ಯೆ ಕೇಳು. ಸಂಬಳ 21,000 ರೂಪಾಯಿವರೆಗೆ ಇರುವ ನೌಕರರಿಗೆ ಇಎಸ್‌ಐ ಅನ್ವಯ, ನೌಕರರ ಪಾಲು ಶೇ 0.75 ಮಾತ್ರ. ಅದಕ್ಕಿಂತ ಹೆಚ್ಚು ಹಿಡಿದಿದ್ದರೆ ಏಕೆಂದು ಕೇಳಲು ನಿನಗೆ ಹಕ್ಕಿದೆ. ಎರಡೂ ಇಲ್ಲವೆಂದಾದರೆ ಗ್ರಾಮ ಒನ್‌ನಲ್ಲೋ ಸಾಮಾನ್ಯ ಸೇವಾ ಕೇಂದ್ರದಲ್ಲೋ ಅಸಂಘಟಿತ ಕಾರ್ಮಿಕರ ಇ–ಶ್ರಮ್ ಕಾರ್ಡು ಮಾಡಿಸಿಕೊ. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಪಡಿಸಿ ನಮ್ಮ ರಾಜ್ಯ 2004ರಲ್ಲೇ ಅಧಿಸೂಚನೆ ಹೊರಡಿಸಿದೆ. ನರ್ಸ್ ಎಂದು ಕರೆದು ಮನೆಗೆಲಸದ ಕೂಲಿಗಿಂತಲೂ ಕಡಿಮೆ ಕೊಡುತ್ತಿದ್ದರೆ ನೋಟ್‌ಬುಕ್ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗು. ಹೆದರಿಕೆ ಎನಿಸಿದರೆ ಇದೇ ಕೆಲಸದ ಇನ್ನಿಬ್ಬರನ್ನು ಜೊತೆಗೆ ಕರೆದುಕೊ. ಮೂವರು ಒಟ್ಟಿಗೆ ಹೋದರೆ ಅರ್ಜಿ ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ತಂಗಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿದ್ದಾಳೆ. ಇಂಗ್ಲೆಂಡಿನಲ್ಲಿ ಕೇರ್ ವರ್ಕರ್ ಕೆಲಸ, ವೀಸಾ ಗ್ಯಾರಂಟಿ ಎಂದು ಏಜೆಂಟರೊಬ್ಬರು ಎಂಟು ಲಕ್ಷ ಕೇಳುತ್ತಿದ್ದಾರೆ. ಅಪ್ಪ ಅಡಿಕೆ ತೋಟ ಅಡ ಇಡಲು ಹೊರಟಿದ್ದಾರೆ.
– ಓದುಗ, ಚನ್ನಗಿರಿ

ಉತ್ತರ: ತೋಟ ಅಡ ಇಡಬೇಡಿ. ಬ್ರಿಟನ್ 2022ರಲ್ಲಿ ಕೇರ್ ವರ್ಕರುಗಳಿಗೆ ವೀಸಾ ಬಾಗಿಲು ತೆರೆದದ್ದು ನಿಜ. 2024ರ ಮಾರ್ಚ್‌ನಿಂದ ಅವರು ಮನೆಯವರನ್ನು ಕರೆದೊಯ್ಯುವಂತಿಲ್ಲ ಎಂದಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ಕೇರ್ ವರ್ಕರುಗಳನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿತು. ನಿಂತುಹೋದ ವೀಸಾಕ್ಕೆ ಯಾರು ಗ್ಯಾರಂಟಿ ಕೊಟ್ಟಾರು?

ತಂಗಿ ಜಿಎನ್‌ಎಂ ಎಂದರೆ ನರ್ಸ್ ಆಗಿಯೇ ಹೋಗುವ ದಾರಿ ಬೇರೆ ಇದೆ. ಇಲ್ಲಿ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಒಂದಷ್ಟು ಆಸ್ಪತ್ರೆ ಅನುಭವ, ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆ, ಆಮೇಲೆ ಅಲ್ಲಿನ ನರ್ಸಿಂಗ್ ಮಂಡಳಿಯ ಪರೀಕ್ಷೆಗಳು. ನಿಧಾನದ ದಾರಿ, ಆದರೆ ಮರ್ಯಾದೆಯ ದಾರಿ. ಎಲ್ಲಿಗೇ ಕಳಿಸುವುದಿದ್ದರೂ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮುಂಗಡ ಕೊಟ್ಟಾಗಿದ್ದರೆ ರಶೀದಿ, ಬ್ಯಾಂಕಿನ ವಿವರ, ವಾಟ್ಸ್‌ಆ್ಯಪ್ ಮಾತುಕತೆ ಏನನ್ನೂ ಅಳಿಸದೆ ಈ ವಾರವೇ ಅಪ್ಪನ ಜೊತೆ ಹೋಗಿ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.