ಮಲೆನಾಡಿನವರಿಗೆ ಫ್ಲೋರೋ ಮಳೆ ಯಾವ ಲೆಕ್ಕ ಅಂದಿರಲ್ಲ

ಅಕ್ಟೋಬರಿನಲ್ಲಿ ನಾರ್ವೆಯ ಪಶ್ಚಿಮ ದಂಡೆಯ ಫ್ಲೋರೋಗೆ ಕೆಲಸಕ್ಕೆ ಬರುತ್ತಿದ್ದೇನೆ, ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಜೊತೆಗೇ ಕರೆತರಬಹುದಾ ಅಂತ ಕೇಳಿದ್ದೀರಿ. ಅಲ್ಲಿ ಮಳೆ ಜಾಸ್ತಿಯಂತೆ, ಆದರೆ ನಾವು ತೀರ್ಥಹಳ್ಳಿಯವರು, ನಮಗೆ ಯಾವ ಲೆಕ್ಕ ಅಂತಲೂ ಸೇರಿಸಿದ್ದೀರಿ. ಓದಿ ನಗು ಬಂತು. ನಾನು ಹೊಸನಗರದ ಕಡೆಯವಳು. ನಮ್ಮನೆಯವರ ಹಿಂದೆ ಇಲ್ಲಿಗೆ ಹೊರಟಾಗ ನಾನೂ ಇದೇ ಮಾತಾಡಿದ್ದೆ.

ಅಂಕಿ ನೋಡಿದರೆ ನಿಮ್ಮ ಮಾತು ಸರಿಯೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಇಲ್ಲಿ 2000ದ ಆಸುಪಾಸು. ಆದರೆ ನಮ್ಮಲ್ಲಿ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆರಿದ್ರಾ, ಆಶ್ಲೇಷಾ ಅಂತ ಅದಕ್ಕೊಂದು ಲೆಕ್ಕವೂ ಇದೆ. ನವರಾತ್ರಿ ಕಳೆದರೆ ಅಂಗಳ ಸಾರಿಸಿ ಅಡಿಕೆ ಒಣಗಿಸುವ ಯೋಚನೆ ಶುರುವಾಗುತ್ತದೆ. ಇಲ್ಲಿ ಸರಿಯಾಗಿ ಆ ಹೊತ್ತಿಗೆ ಮಳೆ ಜೋರಾಗುತ್ತದೆ. ಸೆಪ್ಟೆಂಬರ್‌ನಿಂದ ಜನವರಿವರೆಗೆ ಬಿಡುವು ಕಡಿಮೆ. ಏಪ್ರಿಲ್, ಮೇ, ಜೂನ್ ಮಾತ್ರ ಒಣ ತಿಂಗಳು, ಅದೂ ಇಲ್ಲಿಯ ಲೆಕ್ಕದಲ್ಲಿ. ದೀಪಾವಳಿ ಬಂದರೆ ಬಿಸಿಲು ಬರಬೇಕು ಅಂತ ನಮ್ಮ ಮೈ ಕಾಯುತ್ತಿರುತ್ತದೆ. ಹಾಗಾಗಿ ಮಳೆ ನೋಡದ ಊರಿನವರಿಗಿಂತ ನಮಗೇ ಇದು ಜಾಸ್ತಿ ಮೋಸ ಮಾಡುತ್ತದೆ.

ಚಳಿಗಾಲ ಹತ್ತಿರ ಬಂದ ಹಾಗೆ ಅಟ್ಲಾಂಟಿಕ್ ಕಡೆಯಿಂದ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಬರುತ್ತವೆ. ಸಮುದ್ರದ ನೀರು ಬೆಚ್ಚಗಿರುವುದರಿಂದ ಗಾಳಿಯಲ್ಲಿ ಪಸೆ ಇರುತ್ತದೆ, ಅದು ದಂಡೆಯ ಬೆಟ್ಟ ಹತ್ತುವಾಗ ಮಳೆಯಾಗಿ ಇಳಿಯುತ್ತದೆ. ನಮ್ಮ ಘಟ್ಟದಲ್ಲಿ ಆಗುವುದೂ ಇದೇ ಅಲ್ವಾ? ಫ್ಲೋರೋಗಿಂತ ದಕ್ಷಿಣಕ್ಕೆ, ಸೋಂಗ್ನೆ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರ) ಹತ್ತಿರದ ಬ್ರೆಕ್ಕೆಯಲ್ಲಿ 1990ರಲ್ಲಿ 5596 ಮಿ.ಮೀ. ಬಿದ್ದಿತ್ತು. ಅದೇ ಫ್ಯೋರ್ಡಿನ ಒಳತುದಿಗೆ, ಲಾರ್ಡಾಲ್‌ಗೆ ಹೋದರೆ ಹೊಲಕ್ಕೆ ನೀರು ಹಾಯಿಸುತ್ತಾರೆ. ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋದ ಹಾಗೆ. ಹಿಮದ ಫೋಟೋ ನೋಡಿ ಆಸೆ ಇಟ್ಟುಕೊಳ್ಳಬೇಡಿ. ದಂಡೆಯಲ್ಲಿ ಜನವರಿಯ ಸರಾಸರಿಯೂ ಸೊನ್ನೆಗಿಂತ ಮೇಲೆ, ಬೀಳುವುದೆಲ್ಲ ಹೆಚ್ಚಾಗಿ ನೀರೇ. ದಕ್ಷಿಣಕ್ಕಿರುವ ದೊಡ್ಡ ಊರು ಬರ್ಗನ್‌ನಲ್ಲಿ 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ ಒಂದು ದಿನವೂ ತಪ್ಪದೆ ಮಳೆ ಬಂದಿತ್ತು. ಒಟ್ಟು 85 ದಿನ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀವು ಅಕ್ಟೋಬರಿನಲ್ಲೇ ಬನ್ನಿ. ಹೆಂಡತಿ, ಮಗಳು ಏಪ್ರಿಲ್ ಕೊನೆಗೆ ಬರಲಿ.

ನನ್ನ ವೀಸಾ ಆದದ್ದು ಅಕ್ಟೋಬರಿನಲ್ಲಿ, ಬಂದದ್ದೂ ಆಗಲೇ. ನಮ್ಮನೆಯವರು ಬೆಳಿಗ್ಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಐದೂವರೆ ತಾಸು ಅಷ್ಟೆ, ಅದೂ ಮೋಡದೊಳಗೆ. ಊರಲ್ಲಿ ಮಳೆ ಹೊಳವಾಗಲಿ, ಆಮೇಲೆ ಹೊರಡೋಣ ಅಂತ ಕೂರುತ್ತೇವಲ್ಲ, ನಾನು ಹಾಗೇ ಕೂತೆ. ಎದುರಿನ ಬಾಲವಾಡಿಯ ಮಕ್ಕಳು ರಬ್ಬರಿನ ಪ್ಯಾಂಟು ಹಾಕಿಕೊಂಡು ಕೆಸರಿನಲ್ಲಿ ಹೊರಳುತ್ತಿದ್ದವು. ಟೀಚರ್ ಪಕ್ಕದಲ್ಲೇ ನಿಂತು ಸುಮ್ನೆ ನೋಡುತ್ತಿದ್ದಳು. ಯಾರ ಮಕ್ಕಳಪ್ಪಾ, ಕೇಳುವವರಿಲ್ವಾ ಅಂತ ನನಗೆ ಸಂಕಟ. ಅಮ್ಮ ಫೋನಿನಲ್ಲಿ ಮಳೆ ಬಿಡ್ತಾ ಅಂತ ಕೇಳುತ್ತಿದ್ದಳು. ಬಿಟ್ಟಿದೆ ಅನ್ನುತ್ತಿದ್ದೆ.

ನನ್ನ ನಂತರ ಉಡುಪಿಯ ಹುಡುಗಿಯೊಬ್ಬಳು ಮೇ ಮೊದಲ ವಾರ ಬಂದಳು. ಬಂದ ಹತ್ತೇ ದಿನಕ್ಕೆ ಮೇ 17, ಇವರ ಸಂವಿಧಾನದ ದಿನ. ಊರಿಗೆ ಊರೇ ಬುನಾಡ್ ಅನ್ನುವ ಸಾಂಪ್ರದಾಯಿಕ ಉಡುಪು ಉಟ್ಟು ಮೆರವಣಿಗೆ ಹೊರಟಿತ್ತು, ರಾತ್ರಿ ಹತ್ತಕ್ಕೂ ಬೆಳಕು. ಜೂನ್‌ನಲ್ಲಿ ಬೀದಿಯುದ್ದಕ್ಕೂ ಮೇಜು ಹಾಕಿ ಹೆರಿಂಗ್ ಮೀನು ಬಡಿಸುವ ಹಬ್ಬ. ಇವಳು ಸಸ್ಯಾಹಾರಿ, ಬರೀ ಆಲೂಗಡ್ಡೆ ತಿಂದು ಪಕ್ಕದವರ ಜೊತೆ ಹರಟೆ ಹೊಡೆದು ಬಂದಳು. ಮಳೆಗಾಲ ಬರುವಷ್ಟರಲ್ಲಿ ಅವಳಿಗೆ ನಾಲ್ಕು ಮನೆಗಳ ಬಾಗಿಲು ತಟ್ಟುವ ಸಲಿಗೆ ಬಂದಿತ್ತು. ನನಗೆ ಅದು ಬರಲು ವರ್ಷಗಳು ಹಿಡಿದವು. ಈಗ ಸ್ವಂತ ಮನೆ ಇದೆ, ಮಗ ಇಲ್ಲೇ ಹುಟ್ಟಿದವನು, ಭಾಷೆಯೂ ಬರುತ್ತದೆ. ಆದರೂ ಸೆಪ್ಟೆಂಬರ್ ಬಂದರೆ ಮನೆಯಲ್ಲಿ ಎಲ್ಲರ ಮೇಲೂ ಸಿಡುಕುತ್ತೇನೆ. ಈ ಊರಿನ ಮೇಲಿನ ಮೊದಲ ಮುನಿಸು ಹೋಗಿಲ್ಲ, ಇನ್ನು ಹೋಗುವ ಹಾಗೂ ಕಾಣುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಕೊಡೆ ತರಬೇಡಿ, ಮಳೆ ಅಡ್ಡಡ್ಡ ಬರುತ್ತದೆ. ರೈನ್‌ಕೋಟನ್ನೂ ಬೆಂಗಳೂರಿನಲ್ಲಿ ಕೊಳ್ಳಬೇಡಿ, ಇಲ್ಲಿಯೇ ತೆಗೆದುಕೊಳ್ಳಿ. ಮಗಳಿಗೆ ಫಿನ್ ವೆಬ್‌ಸೈಟಿನಲ್ಲಿ ಹಳೆಯದು ಸಿಗುತ್ತದೆ. ಒಳಗೆ ಉಣ್ಣೆ ಇರಲಿ, ಹತ್ತಿ ಒದ್ದೆಯಾದರೆ ಚಳಿ ಹಿಡಿಯುತ್ತದೆ. ಕತ್ತಲಲ್ಲಿ ನಡೆಯುವಾಗ ಕೋಟಿಗೆ ರಿಫ್ಲೆಕ್ಟರ್ ಬೇಕೇ ಬೇಕು. ಬಾಲವಾಡಿಯಲ್ಲಿ ಬಟ್ಟೆ ಒಣಗಿಸಲು ಬೀರುವಿನಂಥ ಯಂತ್ರ ಇರುತ್ತದೆ, ಪ್ರತಿ ಬಟ್ಟೆಗೂ ಮಗಳ ಹೆಸರು ಅಂಟಿಸಬೇಕು.

ಯೂರ್ ಅನ್ನುವ ಹವಾಮಾನದ ಆ್ಯಪಿನಲ್ಲಿ ಮಳೆಗಿಂತ ಗಾಳಿಯ ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗಾಳಿ ಜೋರಿದ್ದರೆ ಬರ್ಗನ್ ಬೋಟೂ ಇಲ್ಲ, ಸಣ್ಣ ವಿಮಾನವೂ ಇಲ್ಲ. ಊರಿಗೆ ಹೊರಡುವುದಿದ್ದರೆ ಒಂದು ದಿನ ಮೊದಲೇ ದೊಡ್ಡ ಊರು ಸೇರಿಕೊಳ್ಳಿ. ಶರತ್ಕಾಲದಲ್ಲಂತೂ ಇದನ್ನು ತಪ್ಪಿಸಬೇಡಿ.

ಮನೆ ಬಾಡಿಗೆ ವಿಷಯ ನಿಮ್ಮ ಆಫೀಸಿನವರೇ ಹೇಳುತ್ತಾರೆ. ತುಪ್ಪ ತರಬೇಡಿ, ಹಾಲಿನ ಪದಾರ್ಥ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಇಲ್ಲಿಯ ಬೆಣ್ಣೆ ಕಾಯಿಸಿದರೆ ಚೆನ್ನಾಗಿಯೇ ಆಗುತ್ತದೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಷ್ಟು ಹಿಡಿಸುತ್ತದೋ ಅಷ್ಟು ತನ್ನಿ. ನಮ್ಮನೆಗೂ ಒಂದು ಕಟ್ಟು ಹಪ್ಪಳ ಇರಲಿ.